ತೆತ್ತವನು ನಿಲ್ಲುವ ಸ್ಥಾನ: ಸಬ್ರೋಗೇಷನ್ ಕಲಮಿಗೊಂದು ವ್ಯಾಖ್ಯಾನ

ಒಬ್ಬನ ಸರಕು ಮತ್ತೊಬ್ಬನ ಅಜಾಗರೂಕತೆಯಿಂದ ಹಾಳಾಯಿತು. ಸರಕಿಗೆ ವಿಮೆಯಿತ್ತು, ವಿಮಾ ಕಂಪನಿ ಕ್ಲೇಮಿನ ಹಣ ಕೊಟ್ಟಿತು. ಹಾಳುಮಾಡಿದವನ ಮೇಲಿನ ಹಕ್ಕು ಈಗ ಯಾರದು? ಸರಕಿನ ಒಡೆಯನದೇ ಎಂದರೆ ಅವನಿಗೆ ಒಂದೇ ನಷ್ಟಕ್ಕೆ ಎರಡು ಸಲ ಹಣ ಬರುತ್ತದೆ. ಯಾರದೂ ಅಲ್ಲ ಎಂದರೆ ತಪ್ಪಿತಸ್ಥನು ತಾನು ಕಟ್ಟದ ಪ್ರೀಮಿಯಮ್ಮಿನ ಫಲ ಉಂಡು ಪಾರಾಗುತ್ತಾನೆ. ಈ ಎರಡು ಅನ್ಯಾಯಗಳ ನಡುವೆ ದಾರಿ ತೋರುವುದು 1963ರ ಸಾಗರ ವಿಮಾ ಅಧಿನಿಯಮದ 79ನೆಯ ಕಲಂ. ಬ್ರಿಟನ್ನಿನ 1906ರ ಕಾಯಿದೆಯಲ್ಲಿ ಇದೇ ಅಂಕೆ ಹೊತ್ತ ಕಲಮಿನಿಂದ ಇದು ಬಂದಿದೆ. ಆ ಕಾಯಿದೆಯ ಕರಡನ್ನು ಬರೆದ ಸರ್ ಮೆಕೆಂಜಿ ಚಾಲ್ಮರ್ಸ್ ಒಂದು ಕಾಲದಲ್ಲಿ ಭಾರತದಲ್ಲಿ ವೈಸರಾಯರ ಮಂಡಳಿಯ ಕಾನೂನು ಸದಸ್ಯರಾಗಿದ್ದವರು. ತತ್ತ್ವ ಮಾತ್ರ ಅವರಿಗಿಂತ ಬಹಳ ಹಳೆಯದು. 1780ರ ಲಂಡನ್ ಗಲಭೆಯಲ್ಲಿ ದಂಗೆಕೋರರು ಕೆಡವಿದ ಮನೆಯೊಂದಕ್ಕೆ ಹಣ ಕೊಟ್ಟ ವಿಮೆಗಾರರು ಮನೆಯವನ ಹೆಸರಿನಲ್ಲಿಯೇ ದಾವೆ ನಡೆಸಬಹುದೆಂದು 1782ರಲ್ಲಿ ಲಾರ್ಡ್ ಮ್ಯಾನ್ಸ್‌ಫೀಲ್ಡ್ ತೀರ್ಪಿತ್ತಿದ್ದರು.

ಕಲಮಿಗೆ ಎರಡು ಉಪಕಲಮುಗಳು. ಮೊದಲನೆಯದರ ಭಾವ ಹೀಗೆ: ವಿಮೆಗೊಳಗಾದ ವಸ್ತುವಿನ ಪೂರ್ಣ ನಷ್ಟಕ್ಕೆ, ಅದು ಇಡೀ ವಸ್ತುವಿನದಾಗಲಿ, ಸರಕಾದಲ್ಲಿ ಬೇರ್ಪಡಿಸಿ ಎಣಿಸಬಹುದಾದ ಒಂದು ಭಾಗದ್ದಾಗಲಿ, ವಿಮೆ ಕೊಟ್ಟವನು ಹಣ ತೆತ್ತಲ್ಲಿ, ಹಾಗೆ ಹಣ ತೆತ್ತ ವಸ್ತುವಿನಲ್ಲಿ ಏನು ಉಳಿದಿರುವುದೋ ಅದರಲ್ಲಿ ವಿಮೆ ಪಡೆದವನಿಗಿದ್ದ ಹಿತವನ್ನು ವಹಿಸಿಕೊಳ್ಳಲು ಅವನು ಆ ಕೂಡಲೇ ಹಕ್ಕುಳ್ಳವನಾಗುತ್ತಾನೆ, ಅದರಿಂದಲೇ, ನಷ್ಟಕ್ಕೆ ಕಾರಣವಾದ ಅವಘಡದ ಹೊತ್ತಿನಿಂದ, ಆ ವಸ್ತುವಿನಲ್ಲಿಯೂ ಅದರ ಸಂಬಂಧದಲ್ಲಿಯೂ ವಿಮೆ ಪಡೆದವನಿಗಿದ್ದ ಎಲ್ಲ ಹಕ್ಕುಗಳಿಗೂ ಪರಿಹಾರೋಪಾಯಗಳಿಗೂ ಅವನ ಸ್ಥಾನದಲ್ಲಿ ನಿಲ್ಲುತ್ತಾನೆ.

ಪದಗಳನ್ನು ಬಿಡಿಸುವ ಮೊದಲು ಒಂದು ದೃಷ್ಟಾಂತ ಬೇಕು. ಹಾಸನದ ಕಾಫಿ ಕ್ಯೂರಿಂಗ್ ವರ್ಕ್ಸ್‌ನಿಂದ 320 ಚೀಲ ಕಾಫಿ ಬೀಜ, ಚೀಲಕ್ಕೆ 60 ಕಿಲೋ, ರಫ್ತಿಗೆಂದು ನವಮಂಗಳೂರು ಬಂದರಿಗೆ ಲಾರಿಯಲ್ಲಿ ಹೊರಟಿತೆನ್ನಿ. ಚೀಲಕ್ಕೆ 20,000 ರೂಪಾಯಿಯಂತೆ ಒಟ್ಟು ಬೆಲೆ 64 ಲಕ್ಷ, ವಿಮೆಯೂ ಅಷ್ಟಕ್ಕೇ. ಶಿರಾಡಿ ಘಾಟಿಯ ತಿರುವಿನಲ್ಲಿ ಚಾಲಕನ ಅತಿವೇಗದಿಂದ ಲಾರಿ ಮಗುಚಿತು. 80 ಚೀಲಗಳು ಕೆಳಗಿನ ಹೊಳೆಗೆ ಬಿದ್ದು ಕಾಫಿಯಾಗಿ ಉಳಿಯದಂತಾದವು. 40 ಚೀಲಗಳು ಮಳೆಯಲ್ಲಿ ತೋಯ್ದವು. ಒಣಗಿಸಿದರೂ ಮುಗ್ಗಲು ವಾಸನೆ ಹೋಗದೆ 12,000ದಂತೆ ಮಾರಾಟವಾದವು. ಉಳಿದ 200ಕ್ಕೆ ಏನೂ ಆಗಲಿಲ್ಲ. ಲಾರಿ ಘಾಟಿಯಲ್ಲಿ ಬಿದ್ದರೆ ಸಾಗರ ವಿಮೆಯ ಮಾತೇಕೆ ಎಂಬ ಶಂಕೆ ಏಳಬಹುದು. ಕಡಲ ಪಯಣಕ್ಕೆ ಅಂಗವಾಗಿ ಬರುವ ನೆಲದ ಹಾದಿಯ ಅಪಾಯಕ್ಕೂ ಈ ವಿಮೆಯನ್ನು ವಿಸ್ತರಿಸಬಹುದೆಂದು ಇದೇ ಅಧಿನಿಯಮದ 4ನೆಯ ಕಲಂ ಹೇಳುವುದರಿಂದ ಶಂಕೆ ನಿಲ್ಲುವುದಿಲ್ಲ.

“ಹಣ ತೆತ್ತಲ್ಲಿ.” ಕಲಮಿನ ಭಾರವೆಲ್ಲ ಈ ಪದದ ಮೇಲಿದೆ. ತೆತ್ತಲ್ಲಿ ಎಂದರೆ ತೆರಲು ಒಪ್ಪಿದಲ್ಲಿ ಎಂದಲ್ಲ. ಸರ್ವೇಯರ್ ಬಂದು ಚೀಲ ಎಣಿಸಿ ವರದಿ ಕೊಟ್ಟಲ್ಲಿ ಎಂದೂ ಅಲ್ಲ. ಹಣ ಪಾಲಿಸಿದಾರನ ಕೈ ಸೇರಿರಬೇಕು. ಅಲ್ಲಿಯವರೆಗೆ ಲಾರಿಯವನಿಗೂ ಕಂಪನಿಗೂ ಯಾವ ಸಂಬಂಧವೂ ಇಲ್ಲ. ಅವರಿಬ್ಬರ ನಡುವೆ ಕರಾರಿಲ್ಲ, ಲಾರಿಯವನು ಕಂಪನಿಯ ಸರಕನ್ನೇನೂ ಕೆಡಿಸಿಲ್ಲ. ಸಂಬಂಧ ಹುಟ್ಟುವುದು ತೆತ್ತ ಹಣದಿಂದ ಮಾತ್ರ. ಹಾಗಾದರೆ ಲಾರಿಯವನು, ‘ಈ ಪಾಲಿಸಿಯ ಷರತ್ತಿನ ಪ್ರಕಾರ ನೀವು ಹಣ ಕೊಡಬೇಕಾಗಿಯೇ ಇರಲಿಲ್ಲ, ಸುಮ್ಮನೆ ಕೊಟ್ಟು ನನ್ನನ್ನೇಕೆ ಹಿಡಿಯುತ್ತೀರಿ’ ಎನ್ನಬಹುದೆ? ಪಾಲಿಸಿಯಡಿ ಬಂದ ಕ್ಲೇಮನ್ನು ಕಂಪನಿ ಪ್ರಾಮಾಣಿಕವಾಗಿ ತೀರಿಸಿದ್ದರೆ ಹೊರಗಿನವನಿಗೆ ಆ ತಕರಾರು ತೆಗೆಯುವ ಅಧಿಕಾರವಿಲ್ಲವೆಂದು 1896ರಲ್ಲಿಯೇ ಪ್ರಿವಿ ಕೌನ್ಸಿಲ್ ಹೇಳಿದೆ. ಪಾಲಿಸಿಯ ಷರತ್ತುಗಳು ಅದಕ್ಕೆ ಸಹಿ ಹಾಕಿದ ಇಬ್ಬರಿಗೆ ಸೇರಿದವು. ತಪ್ಪಿತಸ್ಥನಿಗೆ ಅವು ಗುರಾಣಿಯಾಗಲಾರವು.

“ಪೂರ್ಣ ನಷ್ಟ, ಬೇರ್ಪಡಿಸಿ ಎಣಿಸಬಹುದಾದ ಭಾಗ.” ಹಡಗನ್ನು ತುಂಡು ಮಾಡಿ ಎಣಿಸಲಾಗದು. ಅದರ ಚುಕ್ಕಾಣಿ ಮುರಿದರೆ ಅದು ಹಡಗಿನ ಭಾಗಶಃ ನಷ್ಟವೇ ಹೊರತು ಚುಕ್ಕಾಣಿಯ ಪೂರ್ಣ ನಷ್ಟವೆನ್ನಿಸದು. ಸರಕಿನ ರೀತಿ ಬೇರೆ. ಚೀಲಕ್ಕೆ ಚೀಲದ ಬೆಲೆಯಿದೆ, ಗುರುತು ಇದೆ, ಪಟ್ಟಿಯಲ್ಲಿ ಸಾಲು ಇದೆ. ಆದ್ದರಿಂದ ಕಾಯಿದೆ ಸರಕಿಗೆ ಮಾತ್ರ ಈ ವಿನಾಯಿತಿ ಕೊಟ್ಟಿತು. ಹೊಳೆಪಾಲಾದ 80 ಚೀಲಗಳು 320ರಲ್ಲಿ ಕಾಲುಭಾಗವಷ್ಟೇ ಆದರೂ ಆ ಮಟ್ಟಿಗೆ ಅದು ಪೂರ್ಣ ನಷ್ಟವೇ. 16 ಲಕ್ಷ ತೆತ್ತ ಕಂಪನಿಗೆ ಮೊದಲ ಉಪಕಲಮೇ ಅನ್ವಯ. ತೋಯ್ದ 40 ಚೀಲಗಳು ಎರಡನೆಯದಕ್ಕೆ ಸೇರುತ್ತವೆ. ಒಂದೇ ಲಾರಿಯ ಸರಕು ಎರಡು ಉಪಕಲಮುಗಳಿಗೆ ಹಂಚಿಹೋಗುವುದು ಹೀಗೆ.

“ಏನು ಉಳಿದಿರುವುದೋ ಅದರಲ್ಲಿ… ಹಿತವನ್ನು ವಹಿಸಿಕೊಳ್ಳಲು ಹಕ್ಕುಳ್ಳವನಾಗುತ್ತಾನೆ.” ಪೂರ್ಣ ನಷ್ಟವಾದ ಮೇಲೆ ಉಳಿಯುವುದೇನು ಎಂದು ಕೇಳಬಾರದು. ಮುಳುಗಿದ ಹಡಗಿಗೆ ಕಬ್ಬಿಣವಿದೆ. ಹೊಳೆಗೆ ಬಿದ್ದ ಕಾಫಿ ಗೊಬ್ಬರಕ್ಕಾದರೂ ಆದೀತು, ಖಾಲಿ ಸೆಣಬಿನ ಚೀಲಕ್ಕೂ ನಾಲ್ಕು ಕಾಸು ಬಂದೀತು. ವಿಮೆಯವರು ಸಾಲ್ವೇಜ್ ಎನ್ನುವ ಈ ಅವಶೇಷ ಪೂರ್ಣ ಬೆಲೆ ತೆತ್ತವನಿಗೆ ಸೇರಬೇಕಾದ್ದು ನ್ಯಾಯ. ಆದರೆ ಶಬ್ದವನ್ನು ನೋಡಬೇಕು: ‘ಅವನದಾಗುತ್ತದೆ’ ಎಂದಿಲ್ಲ, ‘ವಹಿಸಿಕೊಳ್ಳಲು ಹಕ್ಕುಳ್ಳವನಾಗುತ್ತಾನೆ’ ಎಂದಿದೆ. ಒಡೆತನ ತಾನಾಗಿ ಕಂಪನಿಯ ತಲೆಗೆ ಬೀಳುವುದಿಲ್ಲ. ಬೇಕಾದರೆ ಅದು ತೆಗೆದುಕೊಳ್ಳಬಹುದು, ಬೇಡವಾದರೆ ಬಿಡಬಹುದು. ಬಂದರಿನ ಬಾಯಲ್ಲಿ ಮುಳುಗಿ ದಾರಿಗೆ ಅಡ್ಡವಾದ ಹಡಗನ್ನು ಎತ್ತಿಸುವ ಖರ್ಚು ಅದರ ಕಬ್ಬಿಣದ ಬೆಲೆಯನ್ನು ಮೀರಬಹುದು. ಅಂಥ ಅವಶೇಷವನ್ನು ಬಲವಂತದಿಂದ ಕಟ್ಟಿದರೆ ವಿಮೆ ಕೊಟ್ಟವನಿಗೆ ಪಾಲಿಸಿಯಲ್ಲಿಲ್ಲದ ಹೊಸ ಹೊರೆ ಹೊರಿಸಿದಂತಾಗುತ್ತದೆ.

“ಅದರಿಂದಲೇ… ಸ್ಥಾನದಲ್ಲಿ ನಿಲ್ಲುತ್ತಾನೆ.” ಇಲ್ಲಿ ವಾಕ್ಯದ ರೀತಿ ಬದಲಾಗಿದೆ. ಅವಶೇಷದ ವಿಷಯದಲ್ಲಿ ಆಯ್ಕೆ ಇತ್ತು. ಇಲ್ಲಿ ಆಯ್ಕೆಯ ಮಾತಿಲ್ಲ. ತೆತ್ತ ಕ್ಷಣದಲ್ಲಿ ಕಾನೂನೇ ಕಂಪನಿಯನ್ನು ಪಾಲಿಸಿದಾರನ ಜಾಗದಲ್ಲಿ ನಿಲ್ಲಿಸುತ್ತದೆ. ಸಬ್ರೋಗೇಷನ್ ಎಂದರೆ ಇಷ್ಟೇ. ಪತ್ರವಿಲ್ಲದಿದ್ದರೂ, ಪಾಲಿಸಿಯಲ್ಲಿ ಅದರ ಪ್ರಸ್ತಾಪವೇ ಇಲ್ಲದಿದ್ದರೂ ಇದು ನಡೆಯುತ್ತದೆ.

“ವಿಮೆ ಪಡೆದವನಿಗಿದ್ದ ಎಲ್ಲ ಹಕ್ಕುಗಳಿಗೂ.” ‘ಎಲ್ಲ’ ಎಂಬುದು ವಿಸ್ತಾರವನ್ನೂ ‘ವಿಮೆ ಪಡೆದವನಿಗಿದ್ದ’ ಎಂಬುದು ಮೇರೆಯನ್ನೂ ಹೇಳುತ್ತವೆ. ಮೇರೆಯನ್ನು ಹೆಚ್ಚು ಒತ್ತಿ ಓದಬೇಕು. ಕಂಪನಿಗೆ ಹೊಸ ಹಕ್ಕು ಹುಟ್ಟುವುದಿಲ್ಲ. ಪಾಲಿಸಿದಾರನಿಗೆ ಇದ್ದುದಷ್ಟೇ ಬರುತ್ತದೆ, ಅದರ ಕುಂದುಕೊರತೆಗಳ ಸಮೇತ. ಇದಕ್ಕೆ 1877ರ ಹೌಸ್ ಆಫ್ ಲಾರ್ಡ್ಸ್ ತೀರ್ಪು ಪ್ರಮಾಣ. ಇಬ್ಬರ ಹಡಗುಗಳು ಡಿಕ್ಕಿಯಾದವೆಂದು ಮೊದಲಿಗೆ ಅನ್ನಿಸುವ ಆ ಪ್ರಕರಣದಲ್ಲಿ ಹಡಗುಗಳು ಎರಡಾದರೂ ಒಡೆಯನು ಒಬ್ಬನೇ. ಒಂದರ ತಪ್ಪಿನಿಂದ ಇನ್ನೊಂದು ಮುಳುಗಿತು. ಮುಳುಗಿದ್ದಕ್ಕೆ ಹಣ ಕೊಟ್ಟ ವಿಮೆಗಾರರು ತಪ್ಪು ಮಾಡಿದ ಹಡಗಿನ ಒಡೆಯನಿಂದ ಪರಿಹಾರ ಬೇಕೆಂದರು. ಆದರೆ ಅವರು ನಿಂತದ್ದು ಯಾರ ಸ್ಥಾನದಲ್ಲಿ? ಅದೇ ಒಡೆಯನ ಸ್ಥಾನದಲ್ಲಿ. ತನ್ನ ಮೇಲೆ ತಾನೇ ದಾವೆ ಹೂಡುವ ಹಕ್ಕು ಯಾವ ಮನುಷ್ಯನಿಗೂ ಇಲ್ಲ. ಇಲ್ಲದ ಹಕ್ಕು ದಾಟಿಬರಲು ಸಾಧ್ಯವಿಲ್ಲವಾಗಿ ವಿಮೆಗಾರರು ಸೋತರು.

ಕಾಫಿಯ ದೃಷ್ಟಾಂತದಲ್ಲಿ ಈ ಮೇರೆ ಇನ್ನೊಂದು ಬಗೆಯಲ್ಲಿ ಕಾಣುತ್ತದೆ. 2007ರ ರಸ್ತೆ ಸಾಗಣೆ ಅಧಿನಿಯಮ ಮತ್ತು ಅದರ ನಿಯಮಗಳ ಪ್ರಕಾರ, ಸರಕು ಕಳಿಸುವವನು ಹೆಚ್ಚಿನ ಜವಾಬ್ದಾರಿಗೆ ಹೆಚ್ಚಿನ ದರ ಒಪ್ಪಿಕೊಳ್ಳದಿದ್ದಲ್ಲಿ, ಸಾಗಣೆದಾರನ ಹೊಣೆ ಸಾಮಾನ್ಯವಾಗಿ ಬಾಡಿಗೆಯ ಹತ್ತು ಪಟ್ಟಿಗೆ ನಿಲ್ಲುತ್ತದೆ. ಲಾರಿ ಬಾಡಿಗೆ 25,000 ಇದ್ದರೆ ಹೊಣೆ ಎರಡೂವರೆ ಲಕ್ಷ. ಹೊಳೆಗೆ ಬಿದ್ದ ಚೀಲಗಳಿಗೆ 16 ಲಕ್ಷ, ತೋಯ್ದವುಗಳಿಗೆ 3,20,000, ಒಟ್ಟು 19,20,000 ರೂಪಾಯಿ ತೆತ್ತ ಕಂಪನಿಗೆ ಕೇಳಲು ಸಿಗುವುದು ಆ ಎರಡೂವರೆ ಲಕ್ಷ ಮಾತ್ರ. ಪಾಲಿಸಿದಾರನಿಗೆ ಅದಕ್ಕಿಂತ ಹೆಚ್ಚು ಕೇಳುವ ಹಕ್ಕು ಇರಲಿಲ್ಲವಷ್ಟೆ. ಬುಕ್ಕಿಂಗ್ ಮಾಡುವಾಗ ಲಾರಿ ಆಫೀಸಿನ ಮೇಜಿನ ಮೇಲೆ ತುಂಬಿದ ಒಂದು ಹಾಳೆ, ತಿಂಗಳುಗಳ ತರುವಾಯ ವಿಮಾ ಕಂಪನಿಯ ಪಾಲನ್ನು ನಿರ್ಣಯಿಸುತ್ತದೆ.

“ವಸ್ತುವಿನಲ್ಲಿಯೂ ಅದರ ಸಂಬಂಧದಲ್ಲಿಯೂ.” ‘ವಸ್ತುವಿನಲ್ಲಿ’ ಎಂಬುದು ವಸ್ತುವನ್ನೇ ಅಂಟಿಕೊಂಡ ಹಕ್ಕು. ‘ಸಂಬಂಧದಲ್ಲಿ’ ಎಂಬುದು ಆ ವಸ್ತುವಿನ ನಿಮಿತ್ತ ಬೇರೊಬ್ಬನ ಮೇಲೆ ಇರುವ ಹಕ್ಕು: ಸಾಗಣೆಯ ಕರಾರು ಮುರಿದದ್ದಕ್ಕೆ, ಅಜಾಗರೂಕತೆಗೆ, ಒಪ್ಪಿಸಿದ ಸರಕನ್ನು ಕಾಯದೆ ಹೋದದ್ದಕ್ಕೆ. ನಷ್ಟದ ನೆಪದಲ್ಲಿ ಬಂದ ಹಣವೆಲ್ಲ ಇದರೊಳಗೆ ಬರುತ್ತದೆಯೇ? ಇಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದವರ ಅಲಬಾಮಾ ಎಂಬ ಯುದ್ಧನೌಕೆ ಸರಕೊಂದನ್ನು ನಾಶಮಾಡಿತು. ಒಡೆಯರಿಗೆ ವಿಮೆಯ ಹಣ ಬಂತು. ತರುವಾಯ ಅಮೆರಿಕದ ಕಾಂಗ್ರೆಸ್ ಕಾಯಿದೆ ಮಾಡಿ, ವಿಮೆಯಿಂದ ತುಂಬದೆ ಉಳಿದ ನಷ್ಟಕ್ಕೆಂದು ಅವರಿಗೆ ಇನ್ನಷ್ಟು ಹಣ ಕೊಟ್ಟಿತು. ವಿಮೆಗಾರರು ಅದರ ಮೇಲೂ ಹಕ್ಕು ಸಾಧಿಸಿದರು. 1882ರಲ್ಲಿ ಹೌಸ್ ಆಫ್ ಲಾರ್ಡ್ಸ್ ಒಪ್ಪಲಿಲ್ಲ. ವಿಮೆಗಾರರು ತೆತ್ತ ನಷ್ಟವನ್ನು ಕಡಿಮೆ ಮಾಡಲೆಂದು ಬಂದ ಹಣ ಅದಾಗಿರಲಿಲ್ಲ. ಕೊಟ್ಟವರ ಉದ್ದೇಶವೇ ಬೇರೆಯಾಗಿತ್ತು.

“ಅವಘಡದ ಹೊತ್ತಿನಿಂದ.” ಹಕ್ಕು ಹುಟ್ಟುವುದು ಹಣ ತೆತ್ತ ದಿನ, ಅದು ಹಿಂದಕ್ಕೆ ಚಾಚುವುದು ಲಾರಿ ಮಗುಚಿದ ಗಳಿಗೆಯವರೆಗೆ. ಎರಡು ದಿನಾಂಕಗಳ ನಡುವಿನ ಅವಧಿ ಈ ಕಲಮಿನಲ್ಲಿಯೇ ಅತ್ಯಂತ ಅಪಾಯದ ಜಾಗ, ಮತ್ತು ಸಾಮಾನ್ಯ ಪಾಲಿಸಿದಾರನು ಅತ್ಯಂತ ಕಡಿಮೆ ಗಮನ ಕೊಡುವ ಜಾಗ. ಆ ಅವಧಿಯಲ್ಲಿ ಹಕ್ಕು ಪಾಲಿಸಿದಾರನ ಕೈಯಲ್ಲಿರುತ್ತದೆ, ಆದರೆ ಅವನೊಬ್ಬನಿಗಾಗಿ ಅಲ್ಲ. ಲಾರಿಯ ಮಾಲೀಕನು ಮನೆಗೆ ಬಂದು, ‘ಅಣ್ಣಾ, ಹತ್ತು ವರ್ಷದ ಗಿರಾಕಿ ನೀವು, ಐವತ್ತು ಸಾವಿರ ಇಟ್ಟುಕೊಂಡು ಬಾಕಿ ಇಲ್ಲವೆಂದು ಬರೆದುಕೊಡಿ’ ಎಂದಾಗ ದಾಕ್ಷಿಣ್ಯಕ್ಕೆ ಬರೆದುಕೊಟ್ಟರೆ, ಕಂಪನಿಗೆ ಬರಬೇಕಿದ್ದ ಹಕ್ಕು ಅಲ್ಲೇ ಸತ್ತಿತು. ಆ ಹಾನಿಯನ್ನು ಕಂಪನಿ ಪಾಲಿಸಿದಾರನಿಂದಲೇ ಕೇಳಬಹುದು.

ಏನನ್ನೂ ಬರೆದುಕೊಡದೆ ಸುಮ್ಮನಿದ್ದರೂ ಹಕ್ಕು ಸಾಯಬಹುದು. ರಸ್ತೆ ಸಾಗಣೆ ಅಧಿನಿಯಮದ 16ನೆಯ ಕಲಮಿನಂತೆ, ಸರಕು ಬುಕ್ ಮಾಡಿದ ದಿನದಿಂದ 180 ದಿನಗಳೊಳಗೆ ಸಾಗಣೆದಾರನಿಗೆ ಲಿಖಿತ ನೋಟಿಸು ಮುಟ್ಟಿರಬೇಕು. ಎಣಿಕೆ ಬುಕ್ಕಿಂಗಿನಿಂದ, ಅಪಘಾತದಿಂದಲ್ಲ. ಕ್ಲೇಮು ಇತ್ಯರ್ಥವಾಗಲು ಏಳು ತಿಂಗಳು ಹಿಡಿದರೆ, ಆ ವೇಳೆಗೆ ನೋಟಿಸು ಹೋಗಿರದಿದ್ದರೆ, ಕಂಪನಿ ಬಂದು ನಿಲ್ಲುವ ಸ್ಥಾನ ಬರಿದಾಗಿರುತ್ತದೆ. ಸಾಗಣೆದಾರರ ಮೇಲಿನ ಹಕ್ಕುಗಳನ್ನು ಕಾಪಾಡಿಕೊಳ್ಳುವ ಕರ್ತವ್ಯವನ್ನು ಸರಕು ವಿಮೆಯ ಷರತ್ತುಗಳು ಪಾಲಿಸಿದಾರನ ಮೇಲೆ ಹಾಕಿರುವುದು ಇದಕ್ಕಾಗಿ. ನೋಟಿಸಿನ ನಕಲು ಮತ್ತು ಅಂಚೆಯ ರಸೀದಿಯನ್ನು ಕ್ಲೇಮಿನ ಕಾಗದಗಳೊಡನೆ ಕಂಪನಿ ಕೇಳುವುದು ಕಾಟ ಕೊಡಲಿಕ್ಕಲ್ಲ.

ಎರಡನೆಯ ಉಪಕಲಮಿನ ಭಾವ: ಭಾಗಶಃ ನಷ್ಟಕ್ಕೆ ಹಣ ತೆತ್ತಲ್ಲಿ, ವಸ್ತುವಿನಲ್ಲಾಗಲಿ ಉಳಿದ ಭಾಗದಲ್ಲಾಗಲಿ ವಿಮೆ ಕೊಟ್ಟವನಿಗೆ ಒಡೆತನ ಬರುವುದಿಲ್ಲ, ಆದರೆ ಆ ತೆರುವಿಕೆಯಿಂದ ವಿಮೆ ಪಡೆದವನ ನಷ್ಟ ಎಷ್ಟರ ಮಟ್ಟಿಗೆ ತುಂಬಿದೆಯೋ ಅಷ್ಟರ ಮಟ್ಟಿಗೆ ಅವನ ಹಕ್ಕು ಮತ್ತು ಪರಿಹಾರೋಪಾಯಗಳಿಗೆ, ಅವಘಡದ ಹೊತ್ತಿನಿಂದ, ಅವನ ಸ್ಥಾನದಲ್ಲಿ ನಿಲ್ಲುತ್ತಾನೆ.

“ಒಡೆತನ ಬರುವುದಿಲ್ಲ.” ತೋಯ್ದ 40 ಚೀಲಗಳು ಪಾಲಿಸಿದಾರನವೇ. ಮಾರಿದ 12,000ದ ಬೆಲೆ ಅವನ ಜೇಬಿಗೆ, ಕಂಪನಿ ತುಂಬಿದ್ದು ಚೀಲಕ್ಕೆ 8,000ದ ವ್ಯತ್ಯಾಸವನ್ನು. ಇದರ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ.

“ನಷ್ಟ ತುಂಬಿದೆಯೋ.” ವಿಮೆಯ ಗುರಿ ನಷ್ಟ ತುಂಬುವುದು, ಲಾಭ ಕೊಡುವುದಲ್ಲ ಎಂಬ ತತ್ತ್ವ ಈ ಪದದಲ್ಲಿ ಅಡಗಿದೆ. ಜೀವ ವಿಮೆಯಲ್ಲಿ ಸಬ್ರೋಗೇಷನ್ ಇಲ್ಲದಿರುವುದೂ ಇದರಿಂದಲೇ ತಿಳಿಯುತ್ತದೆ. ಮನುಷ್ಯನ ಪ್ರಾಣಕ್ಕೆ ತುಂಬಬಹುದಾದ ಅಳತೆಯಿಲ್ಲ; ಎಲ್.ಐ.ಸಿ. ಪಾಲಿಸಿಯ ಹಣ ಪಡೆದ ಹೆಂಡತಿ, ಗಂಡನನ್ನು ಕೊಂದ ಬಸ್ಸಿನವರಿಂದ ಪರಿಹಾರ ಕೇಳಿದರೆ ಎಲ್.ಐ.ಸಿ. ಬಂದು ಪಾಲು ಕೇಳುವಂತಿಲ್ಲ. ವಸ್ತುವಿನ ವಿಷಯದಲ್ಲಿ ಅಳತೆ ಕಟ್ಟುನಿಟ್ಟು. 1883ರಲ್ಲಿ ಇಂಗ್ಲೆಂಡಿನ ಅಪೀಲು ನ್ಯಾಯಾಲಯ ತೀರ್ಮಾನಿಸಿದ ಕ್ಯಾಸ್ಟೆಲೇನ್ ವಿರುದ್ಧ ಪ್ರೆಸ್ಟನ್ ಪ್ರಕರಣ ಕಡಲಿನದಲ್ಲ, ಮನೆಯದು, ತತ್ತ್ವ ಒಂದೇ. ಲಿವರ್‌ಪೂಲಿನ ಕಟ್ಟಡವೊಂದನ್ನು 3,100 ಪೌಂಡಿಗೆ ಮಾರಲು ಕರಾರಾಗಿತ್ತು. ಕ್ರಯ ಮುಗಿಯುವ ಮೊದಲು ಬೆಂಕಿ ಬಿತ್ತು. ಮಾರುವವರಿಗೆ ವಿಮೆಯಿಂದ 330 ಪೌಂಡು ಬಂತು; ಆಮೇಲೆ ಕೊಳ್ಳುವವನು ಕರಾರಿನ ಪೂರ್ತಿ ಬೆಲೆಯನ್ನೂ ಕೊಟ್ಟನು. ಅಲ್ಲಿಗೆ ಮಾರಿದವರಿಗೆ ನಷ್ಟವೇ ಉಳಿಯಲಿಲ್ಲ. 330 ಪೌಂಡನ್ನು ವಿಮೆಗಾರರಿಗೆ ಹಿಂದಿರುಗಿಸಬೇಕಾಯಿತು. ಇಲ್ಲಿ ತಪ್ಪಿತಸ್ಥನೇ ಇಲ್ಲವೆಂಬುದನ್ನು ಗಮನಿಸಬೇಕು. ಸಬ್ರೋಗೇಷನ್ ತಪ್ಪಿತಸ್ಥನನ್ನು ಬೆನ್ನಟ್ಟುವ ಉಪಾಯ ಮಾತ್ರವಲ್ಲ, ನಷ್ಟದ ಲೆಕ್ಕವನ್ನು ಸರಿದೂಗಿಸುವ ನಿಯಮ.

“ಅಷ್ಟರ ಮಟ್ಟಿಗೆ.” ಕಂಪನಿ ತೆತ್ತದ್ದೆಷ್ಟೋ ಅಷ್ಟನ್ನು ಮೀರಿ ವಸೂಲಿಯಿಂದ ಅದಕ್ಕೆ ಸೇರದು. ಬ್ಲೇರ್‌ನೆವಿಸ್ ಎಂಬ ಹಡಗು 1945ರಲ್ಲಿ ಕೆನಡಾದ ಯುದ್ಧನೌಕೆಗೆ ಡಿಕ್ಕಿಯಾಗಿ ನಾಶವಾಯಿತು. ವಿಮೆಗಾರರು 72,000 ಪೌಂಡು ಕೊಟ್ಟರು. ಒಡೆಯರು ಕೆನಡಾ ಸರ್ಕಾರದ ಮೇಲೆ ದಾವೆ ಹೂಡಿ ಗೆದ್ದರು. ಅಷ್ಟರಲ್ಲಿ, 1949ರಲ್ಲಿ, ಪೌಂಡಿನ ಅಪಮೌಲ್ಯವಾಗಿತ್ತು. ಕೆನಡಾದ ಡಾಲರಿನಲ್ಲಿ ಬಂದ ಪರಿಹಾರ ಪೌಂಡಿಗೆ ಬದಲಾದಾಗ ಸುಮಾರು 1,27,000 ಆಯಿತು. ಹೆಚ್ಚುವರಿ ಯಾರಿಗೆ? ಅದು ಪೂರ್ಣ ನಷ್ಟದ ಪ್ರಕರಣ. ಮೊದಲ ಉಪಕಲಮಿನಲ್ಲಿ ‘ಅಷ್ಟರ ಮಟ್ಟಿಗೆ’ ಎಂಬ ಮಾತಿಲ್ಲವೆಂದು ವಿಮೆಗಾರರು ಹಟ ಹಿಡಿದರು. ನ್ಯಾಯಮೂರ್ತಿ ಡಿಪ್ಲಾಕ್ ಒಪ್ಪಲಿಲ್ಲ. ತೆತ್ತದ್ದನ್ನು ಮರಳಿ ಪಡೆಯುವುದೇ ಸಬ್ರೋಗೇಷನ್ನಿನ ಸ್ವಭಾವವಾದ್ದರಿಂದ ಎರಡೂ ಉಪಕಲಮುಗಳಿಗೆ ಆ ಮೇರೆ ಸಮಾನ. ವಿಮೆಗಾರರಿಗೆ 72,000, ಉಳಿದ ಸುಮಾರು 55,000 ಒಡೆಯರಿಗೆ.

ಬಂದ ಹಣ ಇಬ್ಬರಿಗೂ ಸಾಲದಾದರೆ? 64 ಲಕ್ಷದ ಕಾಫಿಗೆ 48 ಲಕ್ಷಕ್ಕೆ ಮಾತ್ರ ವಿಮೆ ಮಾಡಿಸಿದ್ದನೆನ್ನಿ. 19,20,000ದ ನಷ್ಟದಲ್ಲಿ ಕಂಪನಿ ಮುಕ್ಕಾಲು ಪಾಲು, 14,40,000, ಕೊಡುತ್ತದೆ. ಕಡಿಮೆ ಬಿದ್ದ ಅಂಶಕ್ಕೆ ಪಾಲಿಸಿದಾರನೇ ತನಗೆ ತಾನು ವಿಮೆ ಕೊಟ್ಟವನೆಂದು 81ನೆಯ ಕಲಂ ಭಾವಿಸುತ್ತದೆ. ಆದ್ದರಿಂದ ಲಾರಿಯವನಿಂದ ಬಂದ ಎರಡೂವರೆ ಲಕ್ಷ ಮೂರಕ್ಕೊಂದರಂತೆ ಹಂಚಿಕೆಯಾಗಿ, ಕಂಪನಿಗೆ 1,87,500, ಅವನಿಗೆ 62,500.

ಕಲಮಿನ ಪಾಠ ಇಲ್ಲಿಗೆ ಮುಗಿಯಿತಾದರೂ ಅದರ ಜೊತೆಯಲ್ಲಿಯೇ ಓದಬೇಕಾದ ಇನ್ನೊಂದು ಕಾಗದವಿದೆ: ಕ್ಲೇಮಿನ ಹಣ ಕೊಡುವಾಗ ಕಂಪನಿ ಸ್ಟಾಂಪು ಕಾಗದದ ಮೇಲೆ ಬರೆಸಿಕೊಳ್ಳುವ ಸಬ್ರೋಗೇಷನ್ ಪತ್ರ. ಇದರ ತಾತ್ಪರ್ಯವನ್ನು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ 2010ರ ಫೆಬ್ರುವರಿ 17ರಂದು, ಎಕನಾಮಿಕ್ ಟ್ರಾನ್ಸ್‌ಪೋರ್ಟ್ ಆರ್ಗನೈಸೇಷನ್ ವಿರುದ್ಧ ಚರಣ್ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ವಿವರಿಸಿತು. ಲಾರಿ ಅಪಘಾತದಲ್ಲಿ ಹಾಳಾದ ನೂಲಿನ ವ್ಯಾಜ್ಯ ಅದು. ತೀರ್ಪು ಬರೆದವರು ಹಿಂದೆ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಗಳಾಗಿದ್ದ ಆರ್.ವಿ. ರವೀಂದ್ರನ್. ಅವರು ಮೂರು ಬಗೆ ಮಾಡಿದರು. ಪತ್ರವಿಲ್ಲದೆ ನ್ಯಾಯದ ಬಲದಿಂದಷ್ಟೇ ಬರುವ ಸ್ಥಾನ ಮೊದಲನೆಯದು. ವಸೂಲಾದ ಹಣದಲ್ಲಿ ಪಾಲಿಸಿದಾರನ ತುಂಬದ ನಷ್ಟಕ್ಕೆ ಅಲ್ಲಿ ಅಗ್ರಸ್ಥಾನ. ಎರಡನೆಯದು ಪತ್ರದ ಷರತ್ತುಗಳಂತೆ ನಡೆಯುವುದು. ಈ ಎರಡರಲ್ಲಿಯೂ ದಾವೆ ಪಾಲಿಸಿದಾರನ ಹೆಸರಿನಲ್ಲಿಯೇ ಹೋಗಬೇಕು, ಕಂಪನಿ ಅವನ ಮುಖ್ತ್ಯಾರನಾಗಿ ಅದನ್ನು ನಡೆಸಬಹುದು. ಮೂರನೆಯದು ಸಬ್ರೋಗೇಷನ್ನಿನ ಜೊತೆಗೆ ಹಕ್ಕಿನ ವರ್ಗಾವಣೆಯೂ ಸೇರಿದ್ದು. ಆಗ ಕಂಪನಿ ತನ್ನ ಹೆಸರಿನಲ್ಲಿಯೇ ದಾವೆ ಹೂಡಬಹುದು.

ಎರಡನೆಯ ಬಗೆಯ ಪತ್ರವೂ ಮೂರನೆಯ ಬಗೆಯದೂ ನೋಡಲು ಒಂದೇ ತರಹ, ತಲೆಬರಹವೂ ಒಂದೇ. ಒಳಗೆಲ್ಲೋ ‘ನನ್ನ ಎಲ್ಲ ಹಕ್ಕುಗಳನ್ನೂ ಕಂಪನಿಗೆ ವರ್ಗಾಯಿಸಿರುತ್ತೇನೆ’ ಎಂಬ ಒಂದು ಸಾಲು ಇದೆಯೇ ಇಲ್ಲವೇ ಎಂಬುದೇ ಭೇದ. ಚೆಕ್ಕು ಎದುರಿಗಿರುವಾಗ ಯಾರೂ ಆ ಸಾಲನ್ನು ಹುಡುಕುವುದಿಲ್ಲ, ಹುಡುಕಲೇಬೇಕು. ಅದು ಇದ್ದಲ್ಲಿ ಪಾಲಿಸಿದಾರನಿಗೆ ವಸೂಲಿಯಲ್ಲಿ ಯಾವ ಹಿತವೂ ಉಳಿಯದು, ‘ಅಷ್ಟರ ಮಟ್ಟಿಗೆ’ ಎಂಬ ಕಲಮಿನ ಮೇರೆಯೂ ಅವನ ನೆರವಿಗೆ ಬಾರದು, ತೆತ್ತದ್ದಕ್ಕಿಂತ ಹೆಚ್ಚು ಬಂದರೂ ಕಂಪನಿಯೇ ಇಟ್ಟುಕೊಳ್ಳಬಹುದು. ಬ್ಲೇರ್‌ನೆವಿಸ್‌ನ ಒಡೆಯರು ಅಂಥ ಪತ್ರಕ್ಕೆ ಸಹಿ ಹಾಕಿದ್ದರೆ, ಈ ತೀರ್ಪಿನ ನ್ಯಾಯದಂತೆ, ಆ 55,000 ಪೌಂಡು ಅವರಿಗೆ ದಕ್ಕುತ್ತಿರಲಿಲ್ಲ.